ಎರಡು ಮಳೆಗಾಲ, ಮೂರು ಜೊತೆ ಬುಷ್: ವಿರಾಜಪೇಟೆಯ ಒಂದು ಪ್ರಕರಣ

2024ರ ಜುಲೈ. ಮಳೆಗೆ ಶಾಲೆಗಳಿಗೆ ರಜೆ ಕೊಟ್ಟಿದ್ದ ದಿನ. ಶೆಡ್ಡಿನ ತಗಡಿನ ಮೇಲೆ ಬೀಳುತ್ತಿದ್ದ ಮಳೆಯಲ್ಲಿ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಟೀಚರ್ ಕಾರು ತಂದು ಒಳಗೆ ನಿಲ್ಲಿಸಿ, ಕೊಡೆ ಮಡಚುತ್ತಾ, "ಅಣ್ಣ, ಆ ಸದ್ದು ಮತ್ತೆ ಬಂದಿದೆ" ಎಂದರು. ನನಗೆ ಚುಚ್ಚಿದ್ದು "ಮತ್ತೆ" ಎಂಬ ಮಾತು. ಎಂಟು ತಿಂಗಳ ಹಿಂದಷ್ಟೇ, 2023ರ ನವೆಂಬರಿನಲ್ಲಿ, ಇದೇ ಶೆಡ್ಡಿನಲ್ಲಿ ಅವರ ಕಾರಿನ ಲೋವರ್ ಆರ್ಮಿನ (ಚಕ್ರವನ್ನು ಫ್ರೇಮಿಗೆ ಜೋಡಿಸುವ ತೋಳು) ಕೀಲುಗಳಲ್ಲಿ ಕೂರುವ ರಬ್ಬರ್ ಬುಷ್‌ಗಳನ್ನು ಹೊಸದು ಹಾಕಿ ಕಳುಹಿಸಿದ್ದೆ.

ಕಾರು 2014ರ ಡೀಸೆಲ್ ಹ್ಯಾಚ್‌ಬ್ಯಾಕ್, ಓಡಿದ್ದು ಒಂದು ಲಕ್ಷ ಕಿಲೋಮೀಟರ್ ದಾಟಿದೆ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆ ಟಾರ್ಷನ್ ಬೀಮ್, ಎರಡೂ ಸಸ್ಪೆನ್ಷನ್ನಿನ ಬಗೆಗಳು. ಈ ಬಗೆಯ ಕಾರು ನಮ್ಮಲ್ಲಿ ಎರಡು ಮನೆಗೊಂದು ಸಿಗುತ್ತದೆ. ಟೀಚರ ಮನೆ ಪೆರುಂಬಾಡಿ ಕಡೆ, ತೋಟದೊಳಗೆ. ಟಾರು ರಸ್ತೆ ಮುಟ್ಟಲು ಒಂದೂವರೆ ಕಿಲೋಮೀಟರ್ ಕಲ್ಲು ಹಾಸಿದ ದಾರಿ ಇದೆ. ನೂರಾರು ಕಾಫಿ ಮೂಟೆಗಳನ್ನು ಹೊತ್ತ ಟ್ರ್ಯಾಕ್ಟರ್‌ಗಳು ಓಡಾಡಿ ಕಲ್ಲುಗಳೆಲ್ಲ ತಲೆಯೆತ್ತಿವೆ. ಆಮೇಲೆ ವಿರಾಜಪೇಟೆ, ಬೇತ್ರಿ ಸೇತುವೆ, ಮೂರ್ನಾಡು, ಮಡಿಕೇರಿ. ಶಾಲೆ ಇರುವ ದಿನವೆಲ್ಲ ಹೋಗಿ ಬರುವುದು ಇದೇ ದಾರಿ. ಗಂಟೆಗೆ 50 ಕಿಲೋಮೀಟರ್ ವೇಗ ಮುಟ್ಟುವ ಜಾಗ ಹುಡುಕಬೇಕು, ತಿರುವುಗಳನ್ನು ಮಾತ್ರ ಹುಡುಕಬೇಕಾಗಿಲ್ಲ.

ದೂರು ಇಷ್ಟೇ: ಗುಂಡಿಗೆ ಇಳಿದಾಗ ಎಡ ಮುಂಭಾಗದಲ್ಲಿ "ದಡ್" ಎನ್ನುವ ಸದ್ದು, ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯುತ್ತದೆ, ಎಡ ಟೈರಿನ ಒಳ ಅಂಚು ಸವೆಯುತ್ತಿದೆ.

ಇಂಥ ಸದ್ದಿಗೆ ಕಾರಣ ಹಲವು. ಲಿಂಕ್ ರಾಡ್, ಬಾಲ್ ಜಾಯಿಂಟ್, ಸ್ಟ್ರಟ್ಟಿನ ಮೇಲಿನ ಮೌಂಟಿಂಗ್, ಎಲ್ಲವೂ ಹೆಚ್ಚುಕಡಿಮೆ ಒಂದೇ ರಾಗ ಹಾಡುತ್ತವೆ. ಅವನ್ನೆಲ್ಲ ಒಂದೊಂದಾಗಿ ಅಲುಗಾಡಿಸಿ ನೋಡಿದೆ, ಗಟ್ಟಿಯಿದ್ದವು. ಲೋವರ್ ಆರ್ಮ್ ಮತ್ತು ಫ್ರೇಮಿನ ನಡುವೆ ಹಾರೆಯ ತುದಿ ಇಟ್ಟು ಮೀಟಿದಾಗ ಆರ್ಮ್ ಬಾಯಿ ಬಿಟ್ಟಿತು.

ಬಿಚ್ಚಿದಾಗ ಕಂಡದ್ದು

ಈ ಕಾರಿನ ಲೋವರ್ ಆರ್ಮ್ ಇಂಗ್ಲಿಷಿನ ಎಲ್ ಅಕ್ಷರದ ಆಕಾರದ್ದು. ಒಂದು ತುದಿಯಲ್ಲಿ ಚಕ್ರ ಹಿಡಿಯುವ ಬಾಲ್ ಜಾಯಿಂಟ್, ಉಳಿದ ಎರಡು ಕಡೆ ಎರಡು ಬುಷ್. ಎರಡನ್ನೂ ನಾವು ಬುಷ್ ಎಂದೇ ಕರೆಯುತ್ತೇವೆ, ಆದರೆ ಅವುಗಳ ಕೆಲಸ ಬೇರೆ ಬೇರೆ. ಮುಂದಿನದು ಚಿಕ್ಕದು, ಅದರ ಬೋಲ್ಟ್ ಮಲಗಿರುತ್ತದೆ; ಚಕ್ರ ಮೇಲೆ ಕೆಳಗೆ ಹೋದಂತೆ ಆರ್ಮ್ ಅದರ ಸುತ್ತ ತಿರುಗುತ್ತದೆ, ತಿರುವಿನಲ್ಲಿ ಬೀಳುವ ಅಡ್ಡ ಬಲವನ್ನು ಹೆಚ್ಚಾಗಿ ಹೊರುವುದೂ ಅದೇ. ಹಿಂದಿನದು ದಪ್ಪನೆಯದು, ಬೋಲ್ಟ್ ನಿಂತಿರುತ್ತದೆ, ರಬ್ಬರಿನ ಒಳಗೆ ಎರಡು ಬಾಳೆಕಾಯಿ ಆಕಾರದ ಕಿಂಡಿಗಳನ್ನು ಬೇಕೆಂದೇ ಬಿಟ್ಟಿರುತ್ತಾರೆ. ಚಕ್ರ ಗುಂಡಿಯ ಅಂಚಿಗೆ ಬಡಿದಾಗ ಹಿಂದಕ್ಕೆ ಕೆಲವು ಮಿಲಿಮೀಟರ್ ಸರಿಯಲಿ, ಪೆಟ್ಟು ಬಾಡಿಗೆ ಬರದಿರಲಿ ಎಂದು ಮಾಡಿದ ಏರ್ಪಾಡು ಅದು.

ಮುಂದಿನ ಬುಷ್ ಹರಿದಿತ್ತು. ರಬ್ಬರು ಒಳ ಸ್ಲೀವಿನಿಂದ (ಬೋಲ್ಟ್ ತೂರುವ ಉಕ್ಕಿನ ಕೊಳವೆ) ಅರ್ಧ ಸುತ್ತು ಬಿಟ್ಟುಕೊಂಡಿತ್ತು. ಬಿರುಕು ನೇರವಾಗಿರಲಿಲ್ಲ; ಹಗ್ಗದ ಹುರಿಯಂತೆ ಓರೆಯಾಗಿ ಸುತ್ತಿಕೊಂಡು ಹೋಗಿತ್ತು. ವಯಸ್ಸಾಗಿ ಒಣಗಿದ ರಬ್ಬರ್ ಹೀಗೆ ಹರಿಯುವುದಿಲ್ಲ, ಅದರ ಮೈತುಂಬ ಸಣ್ಣ ಸಣ್ಣ ಬಿರುಕುಗಳಿರುತ್ತವೆ. ಇದು ತಿರುಚಿ ಹರಿದದ್ದು.

ಆ ಬಿರುಕನ್ನು ನೋಡಿದ ಮೇಲೆ ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಕಾರ್ಖಾನೆಯ ಬುಷ್‌ನಲ್ಲಿ ರಬ್ಬರನ್ನು ಒಳಗಿನ ಮತ್ತು ಹೊರಗಿನ ಉಕ್ಕಿನ ಸ್ಲೀವುಗಳೆರಡಕ್ಕೂ ಬೇಯಿಸಿ ಅಂಟಿಸಿರುತ್ತಾರೆ. ಅದು ಜಾರುವುದಿಲ್ಲ. ಬೋಲ್ಟ್ ಬಿಗಿದೊಡನೆ ಒಳ ಸ್ಲೀವ್ ಫ್ರೇಮಿಗೆ ಕಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಆರ್ಮ್ ಎಷ್ಟು ಅಲುಗಿದರೂ ಅಷ್ಟನ್ನೂ ರಬ್ಬರು ಮೈ ತಿರುಚಿಯೇ ಕೊಡಬೇಕು. ಆದ್ದರಿಂದ ಬೋಲ್ಟನ್ನು ಕೊನೆಯ ಬಾರಿ ಬಿಗಿಯುವಾಗ ಕಾರು ನಾಲ್ಕು ಚಕ್ರಗಳ ಮೇಲೆ ತನ್ನ ಭಾರ ಹೊತ್ತು ನಿಂತಿರಬೇಕು. ನಾವು ಹಾಗೆ ಮಾಡಿರಲಿಲ್ಲ. ಕಾರು ನೆಲದ ಮೇಲಿರುವಾಗ ಅಡಿಯಿಂದ ಬಿಗಿಯಲು ಇಳಿಯುವ ಸರ್ವಿಸ್ ಗುಂಡಿಯಲ್ಲಿ ನವೆಂಬರಿನ ಹಿಂಗಾರು ಮಳೆಗೆ ಮೊಣಕಾಲುದ್ದ ನೀರು ನಿಂತಿತ್ತು. ಶೆಡ್ಡಿನ ಹುಡುಗ ಲಿಫ್ಟಿನ ಮೇಲೆಯೇ, ಚಕ್ರ ಜೋತಾಡುತ್ತಿರುವಾಗಲೇ ಬಿಗಿದು ಮುಗಿಸಿದ್ದ. ಬಿಲ್ಲಿನ ಮೇಲೆ ಸಹಿ ಹಾಕಿದವನು ನಾನು.

ಲೆಕ್ಕ ಹಾಕಿ ನೋಡಿದೆ. ಬುಷ್‌ನಿಂದ ಬಾಲ್ ಜಾಯಿಂಟ್‌ವರೆಗೆ ಆರ್ಮ್ 330 ಮಿಲಿಮೀಟರ್. ಲಿಫ್ಟಿನಲ್ಲಿ ಚಕ್ರ 80 ಮಿಲಿಮೀಟರ್ ಕೆಳಗಿಳಿದಿತ್ತು. ಅಂದರೆ ಸುಮಾರು 14 ಡಿಗ್ರಿ. ಆ ಕೋನದಲ್ಲಿ ಬಿಗಿದು ಕಾರನ್ನು ನೆಲಕ್ಕಿಳಿಸಿದರೆ, ಟೀಚರ್ ಮನೆಯ ಮುಂದೆ ಕಾರು ಸುಮ್ಮನೆ ನಿಂತಿರುವಾಗಲೂ ಬುಷ್ 14 ಡಿಗ್ರಿ ತಿರುಚಿಕೊಂಡೇ ಇರುತ್ತದೆ. ಬಟ್ಟೆ ಹಿಂಡಿ, ಬಿಡಿಸದೆ ಹಾಗೆಯೇ ಗೂಟಕ್ಕೆ ಸಿಕ್ಕಿಸಿದ ಹಾಗೆ. ಕಲ್ಲಿನ ಮೇಲೆ ಚಕ್ರ ಇನ್ನೂ 60 ಮಿಲಿಮೀಟರ್ ಎದ್ದರೆ ತಿರುಚು 24 ಡಿಗ್ರಿಯ ಮೇಲೆ ಹೋಗುತ್ತದೆ. ಸರಿಯಾಗಿ ಬಿಗಿದಿದ್ದರೆ ಅದೇ ಕಲ್ಲಿಗೆ ಹತ್ತು ಡಿಗ್ರಿ ಸಾಕಿತ್ತು.

ಹಿಂದಿನ ಬುಷ್‌ನ ರೋಗ ಬೇರೆ. ಅದು ಹರಿದಿರಲಿಲ್ಲ, ಊದಿಕೊಂಡಿತ್ತು. ಉಗುರು ಒತ್ತಿದರೆ ಗುರುತು ಹಾಗೆಯೇ ಉಳಿಯಿತು. ಮೂಗಿನ ಹತ್ತಿರ ಹಿಡಿದಾಗ ಸುಟ್ಟ ಎಂಜಿನ್ ಆಯಿಲ್ಲಿನ ವಾಸನೆ. ಮಳೆಗಾಲಕ್ಕೆ ಮುಂಚೆ ವಾಟರ್ ಸರ್ವಿಸ್ ಮಾಡಿಸಿದ ಕಡೆ, ಅಡಿಗೆ ತುಕ್ಕು ಹಿಡಿಯಬಾರದೆಂದು ಹಳೆ ಆಯಿಲ್ ಹೊಡೆಸಿದ್ದರು. ನಮ್ಮ ಜಿಲ್ಲೆಯಲ್ಲಿ ಇದು ಬಹಳ ಜನರ ಅಭ್ಯಾಸ. ತಗಡಿಗೆ ಅದರಿಂದ ಒಂದಿಷ್ಟು ಉಪಕಾರ ಆಗಬಹುದು, ಆದರೆ ಪೆಟ್ರೋಲಿಯಂ ಎಣ್ಣೆ ನೈಸರ್ಗಿಕ ರಬ್ಬರಿಗೆ ವಿಷ. ಎಷ್ಟು ಹೇಳಿದರೂ ಮೇ ತಿಂಗಳು ಬಂತೆಂದರೆ ಡಬ್ಬ ಹಿಡಿದು ನಿಂತಿರುತ್ತಾರೆ.

ಟೀಚರಿಗೆ ಎರಡೂ ವಿಷಯ ಹೇಳಿದೆ. "ಮೊದಲನೆಯ ತಪ್ಪು ನಮ್ಮದು. ಹೊಸ ಬುಷ್ ಹಾಕಿಕೊಡುತ್ತೇನೆ, ಕೂಲಿ ಬೇಡ" ಎಂದೆ. ಅವರು ಬೈಯಲಿಲ್ಲ. ತಮ್ಮನಿಗೆ ಫೋನ್ ಮಾಡಿದರು.

ತಮ್ಮನ ಪೆಟ್ಟಿಗೆ

ತಮ್ಮ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ರಜೆ ಸಿಕ್ಕಾಗ ತನ್ನ ಕಾರನ್ನು ಆಟೋಕ್ರಾಸ್ ಎಂಬ ಮಣ್ಣಿನ ಹಾದಿಯ ಕಾರು ಸ್ಪರ್ಧೆಗೆ ಒಯ್ಯುವವನು. ಕೊಡಗಿನಲ್ಲಿ ಈ ಹುಚ್ಚಿಗೆ ಕೊರತೆಯಿಲ್ಲ. ರಬ್ಬರ್ ಬೇಡ, ಅದಕ್ಕಿಂತ ಗಡಸಾದ ಪಾಲಿಯುರೆಥೇನ್ ಪ್ಲಾಸ್ಟಿಕ್ಕಿನದು ಹಾಕೋಣ, ನಾನು ತರುತ್ತೇನೆ, ಅಲ್ಲಿಯವರೆಗೆ ಕಾರು ಓಡಿಸಬೇಡ ಎಂದ. ಟೀಚರ್ ಐದಾರು ವಾರ ಮಡಿಕೇರಿಗೆ ಬಸ್ಸಿನಲ್ಲೇ ಓಡಾಡಿದರು. ಸೆಪ್ಟೆಂಬರ್ ಮೊದಲಿಗೆ ಕೈಲ್ ಮುಹೂರ್ತಕ್ಕೆ, ಅಂದರೆ ಕೊಡವರ ಆಯುಧಪೂಜೆಯ ಹಬ್ಬಕ್ಕೆ, ಊರಿಗೆ ಬಂದವನು ಒಂದು ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲೆ ಇಟ್ಟ. ಒಳಗೆ ನೇರಳೆ ಬಣ್ಣದ ಬುಷ್‌ಗಳು: ಆರ್ಮಿನ ನಾಲ್ಕು, ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸ್ಟೆಬಿಲೈಸರ್ ಬಾರಿನ ಎರಡು, ಜೊತೆಗೆ ಉಕ್ಕಿನ ಸ್ಲೀವುಗಳು, ಗ್ರೀಸಿನ ಸಣ್ಣ ಪ್ಯಾಕೆಟ್‌ಗಳು. ಬೆಲೆ ನನ್ನ ರಬ್ಬರ್ ಬುಷ್‌ಗಳ ಮೂರರಷ್ಟು.

"ರಬ್ಬರ್ ಎಂಟು ತಿಂಗಳು ಬಂತು ಅಣ್ಣ. ಇದು ಹರಿಯುವುದೇ ಇಲ್ಲ" ಎಂದ.

"ಸೋತದ್ದು ರಬ್ಬರ್ ಅಲ್ಲ, ನಮ್ಮ ಸ್ಪ್ಯಾನರ್" ಎಂದೆ.

"ಹಾಗಾದರೆ ನಿಮ್ಮ ಸ್ಪ್ಯಾನರಿನ ತಪ್ಪನ್ನೂ ತಡೆದುಕೊಳ್ಳುವುದನ್ನೇ ಹಾಕಿಬಿಡೋಣ."

ಇದಕ್ಕೆ ಉತ್ತರ ಕೊಡುವುದು ಕಷ್ಟ, ಏಕೆಂದರೆ ಅವನ ಮಾತು ಒಂದು ಮಟ್ಟಿಗೆ ನಿಜ. ಪಾಲಿಯುರೆಥೇನ್ (ಪಿಯು) ಬುಷ್ ಸ್ಲೀವಿಗೆ ಅಂಟಿರುವುದಿಲ್ಲ, ಸ್ಲೀವಿನ ಸುತ್ತ ಜಾರುತ್ತದೆ. ಜಾರುವ ವಸ್ತುವಿಗೆ ತಿರುಚು ಇಲ್ಲ. ಚಕ್ರ ಜೋತಾಡುವಾಗ ಬಿಗಿದರೂ ಅದಕ್ಕೇನೂ ಆಗುವುದಿಲ್ಲ. ಎಣ್ಣೆಗೆ ರಬ್ಬರಿನಂತೆ ಊದಿಕೊಳ್ಳುವುದೂ ಇಲ್ಲ. ಅಂದರೆ ಈ ಕಾರಿನ ಎರಡೂ ರೋಗಗಳಿಗೆ ಅವನ ಪೆಟ್ಟಿಗೆಯಲ್ಲಿ ಮದ್ದಿತ್ತು.

ನನ್ನ ಆಕ್ಷೇಪ ಎರಡಿತ್ತು. ಮೊದಲನೆಯದು ಗಡಸುತನ. ಶೋರ್ ಎ ಅಳತೆಯಲ್ಲಿ ಸಸ್ಪೆನ್ಷನ್ ರಬ್ಬರ್ ಸಾಮಾನ್ಯವಾಗಿ 50ರಿಂದ 70ರ ನಡುವೆ ಬರುತ್ತದೆ. ಅವನ ಪೆಟ್ಟಿಗೆಯ ಮೇಲೆ 90 ಎಂದು ಬರೆದಿತ್ತು. ರಬ್ಬರ್ ನುಂಗುವ ಸಣ್ಣ ಕಂಪನಗಳನ್ನೆಲ್ಲ ಅದು ನೇರವಾಗಿ ಬಾಡಿಗೆ ದಾಟಿಸುತ್ತದೆ. ಎರಡನೆಯದು ನನಗೆ ಹೆಚ್ಚು ಮುಖ್ಯವಾದದ್ದು: ಹಿಂದಿನ ಬುಷ್. ಅದರ ಬೋಲ್ಟ್ ನಿಂತಿದೆ, ಆರ್ಮ್ ಮಾತ್ರ ಮೇಲೆ ಕೆಳಗೆ ಬೀಸುತ್ತದೆ. ಆ ಬುಷ್ ತಿರುಗುವುದಲ್ಲ, ವಾಲಬೇಕು. ರಬ್ಬರ್ ವಾಲುತ್ತದೆ. ಉಕ್ಕಿನ ಸ್ಲೀವಿನ ಮೇಲೆ ಕೂತ ಗಡಸು ಬಳೆಗೆ ತಿರುಗುವುದೊಂದು ಬರುತ್ತದೆ, ವಾಲುವುದು ಬರುವುದಿಲ್ಲ. ಅದು ಅಂಚಿನಲ್ಲಿ ಒತ್ತಿ ಹಿಡಿದುಕೊಳ್ಳುತ್ತದೆ. ಜೊತೆಗೆ ಆ ಬಾಳೆಕಾಯಿ ಕಿಂಡಿಗಳೂ ಹೋದವು. ಚಕ್ರಕ್ಕೆ ಹಿಂದೆ ಸರಿಯಲು ಜಾಗವಿಲ್ಲ.

"ಸ್ಟೆಬಿಲೈಸರಿಗೆ ಮಾತ್ರ ಇದನ್ನು ಹಾಕೋಣ, ಆರ್ಮಿಗೆ ರಬ್ಬರ್ ಇರಲಿ" ಎಂದೆ. ಟೀಚರ ತಮ್ಮ ಒಪ್ಪಲಿಲ್ಲ. ರಬ್ಬರ್ ಹಳೆಯ ಕಾಲದ ವಸ್ತು ಎಂದ. ಗುಡ್‌ಇಯರ್ ಗಂಧಕ ಬೆರೆಸಿ ರಬ್ಬರ್ ಬೇಯಿಸುವುದಕ್ಕೆ ಪೇಟೆಂಟ್ ಪಡೆದದ್ದು 1844ರಲ್ಲಿ, ಆಟೋ ಬೇಯರ್ ಜರ್ಮನಿಯಲ್ಲಿ ಪಾಲಿಯುರೆಥೇನ್ ಮಾಡಿದ್ದು 1937ರಲ್ಲಿ, ಅದೂ ಅಜ್ಜನ ಕಾಲದ್ದೇ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಸಂಪಾಜೆ, ಪೆರಾಜೆ ಕಡೆಯ ತೋಟಗಳಲ್ಲಿ ಮರದ ತೊಗಟೆ ಗೀರಿ ಚಿಪ್ಪಿಗೆ ಇಳಿಸುವ ಆ ಹಾಲಿನ ರಬ್ಬರಿನಷ್ಟು, ಮತ್ತೆ ಮತ್ತೆ ತಿರುಚಿದರೂ ತಾಳುವ ವಸ್ತು ಇನ್ನೂ ಅಪರೂಪ ಎಂದು ಮಾತ್ರ ಮನಸ್ಸಿನಲ್ಲೇ ಅಂದುಕೊಂಡೆ. ಎಂಟು ತಿಂಗಳಿಗೆ ಹರಿದ ಬುಷ್ ಮೇಜಿನ ಮೇಲಿರುವಾಗ ರಬ್ಬರಿನ ಗುಣಗಾನ ಮಾಡಲು ನನಗೂ ಬಾಯಿ ಬರಲಿಲ್ಲ. ಟೀಚರ್ "ಅವನು ಹೇಳಿದಂತೆ ಮಾಡಿ ಅಣ್ಣ" ಎಂದರು. ಮಾಡಿದೆ.

ಟಾರ್ಷನ್ ಬೀಮಿನ ಬುಷ್‌ಗಳನ್ನು ಮಾತ್ರ ಮುಟ್ಟಲು ಬಿಡಲಿಲ್ಲ. ಅವು ಚೆನ್ನಾಗಿದ್ದವು.

ಮಾಕುಟ್ಟದ ಘಾಟಿಯಲ್ಲಿ ಓಡಿಸಿ ನೋಡಿದೆವು. ಸುಳ್ಳು ಹೇಳುವುದಿಲ್ಲ, ನನಗೆ ಇಷ್ಟವಾಯಿತು. ಸ್ಟೀರಿಂಗ್ ತಿರುಗಿಸಿದ ಕ್ಷಣವೇ ಮೂತಿ ತಿರುಗುತ್ತಿತ್ತು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಕಾರು ಹಳಿಯ ಮೇಲಿದ್ದ ಹಾಗೆ ನೇರ. ಟೀಚರ ತಮ್ಮ ನನ್ನ ಮುಖ ನೋಡಿ ನಕ್ಕ. ಹರಿದ ಬುಷ್‌ನಿಂದ ಬಂದವನಿಗೆ ಹೊಸ ರಬ್ಬರೂ ಹೀಗೆಯೇ ಕಾಣುತ್ತಿತ್ತು ಎಂಬುದು ನನಗೆ ಹೊಳೆದದ್ದು ಮಾರನೆಯ ದಿನ.

ಕೆಂಪು ಶಾಯಿಯ ಪುಸ್ತಕ

ಟೀಚರ್ ಅಲ್ಲವೇ, ಬರೆದಿಟ್ಟರು. ಕಾರಿನಲ್ಲಿ ಒಂದು ಸಣ್ಣ ಪುಸ್ತಕ, ಮಕ್ಕಳ ಉತ್ತರ ತಿದ್ದುವ ಅದೇ ಕೆಂಪು ಪೆನ್ನು. ನಾನು ಕೇಳಿದ್ದಕ್ಕೆ ಓದಲು ಕೊಟ್ಟರು.

ಅಕ್ಟೋಬರ್: ಬೇತ್ರಿ ಸೇತುವೆಯ ಜೋಡಣೆ ದಾಟುವಾಗ ಸ್ಟೀರಿಂಗಿಗೆ ಪೆಟ್ಟು, ಮೊದಲು ಇರಲಿಲ್ಲ. ನವೆಂಬರ್: ಡ್ಯಾಶ್‌ಬೋರ್ಡಿನ ಬಲಗಡೆ ಕಟಕಟ. ಡಿಸೆಂಬರ್: ತಿರುವಿನಲ್ಲಿ ಚೆನ್ನಾಗಿದೆ. ಜನವರಿ: ಕೊಯ್ಲಿಗೆ ಅಮ್ಮನನ್ನು ಕರೆತಂದೆ, ತೋಟದ ದಾರಿಯಲ್ಲಿ ಕಾರು ನಿಲ್ಲಿಸಿ ಇಳಿದು ನಡೆದೇ ಬಂದರು. ಫೆಬ್ರುವರಿಯ ಒಂದು ಸಾಲು ನನಗೆ ಮರೆಯುವುದಿಲ್ಲ: "ಶಾಲೆ ಮುಟ್ಟಿದ ಮೇಲೆ ಕಾಲು ಗಂಟೆ ಕೈ ಗುಂಯ್‌ಗುಡುತ್ತದೆ, ಬೋರ್ಡಿನ ಮೇಲೆ ಅಕ್ಷರ ಓರೆ."

ರಸ್ತೆಯ ಕಾರಿಗೆ ಇದು ಸಣ್ಣ ವಿಷಯವಲ್ಲ. ಟೀಚರ ತಮ್ಮ ತನ್ನ ಕಾರಿನಲ್ಲಿ ಸ್ಪರ್ಧೆಯ ಒಂದು ಸುತ್ತಿಗೆ ಎರಡು ಮೂರು ನಿಮಿಷ ಕುಳಿತಿರುತ್ತಾನೆ, ಹೆಲ್ಮೆಟ್ ಹಾಕಿ, ಮೈಯೆಲ್ಲ ಕಣ್ಣಾಗಿ. ಆ ಎರಡು ನಿಮಿಷಕ್ಕೆ ಚಕ್ರದ ಪ್ರತಿಯೊಂದು ಸುದ್ದಿಯೂ ಅವನಿಗೆ ಬೇಕು. ಟೀಚರಿಗೆ ದಿನಕ್ಕೆ ಎರಡು ಗಂಟೆಯ ಹಾದಿಯಲ್ಲಿ ಮೂರ್ನಾಡಿನ ಪ್ರತಿಯೊಂದು ತೇಪೆಯ ಸುದ್ದಿ ಬೇಕಾಗಿಲ್ಲ. ಒಂದೇ ಬುಷ್, ಇಬ್ಬರ ಅಗತ್ಯ ಬೇರೆ.

ಮಳೆ 2025ರಲ್ಲಿ ಮೇ ಕೊನೆಯ ವಾರಕ್ಕೇ ಹಿಡಿಯಿತು. ಜೂನ್ ಮೊದಲ ವಾರ ಕಾರು ಬಂದಾಗ ನನಗೆ ಗೇಟಿನಾಚೆಯಿಂದಲೇ ಗೊತ್ತಾಯಿತು. ಹಳೆಯ ಮನೆಯ ಬಾಗಿಲಿನಂತೆ ಕಿರ್ರ್ ಎನ್ನುತ್ತಿತ್ತು. ಟೀಚರ್ ಇಳಿದವರೇ, "ನಮ್ಮ ಕಡೆ ಕಾಡಾನೆಗಳಿಗೂ ಈಗ ನಾನು ಬರುವುದು ಗೊತ್ತಾಗುತ್ತದೆ, ದಾರಿ ಬಿಡುತ್ತವೆ" ಎಂದರು. ಬೋಲ್ಟ್ ತೆಗೆದು, ಸ್ಲೀವ್ ಹೊರಗೆಳೆದು, ಕಂಪನಿಯ ಆ ಅಂಟು ಗ್ರೀಸ್ ಹಚ್ಚಿ ಕೂಡಿಸಿದೆ. ಕಿರಗುಟ್ಟುವುದು ನಿಂತಿತು. ಒಂಬತ್ತು ದಿನಕ್ಕೆ ಮತ್ತೆ ಶುರು. ಜಾರುವ ಜಾಗವಿದ್ದಲ್ಲಿ ಗ್ರೀಸ್ ಬೇಕು; ತೋಟದ ದಾರಿಯ ಕೆಸರುನೀರಿನಲ್ಲಿ ದಿನಕ್ಕೆರಡು ಬಾರಿ ಮುಳುಗೇಳುವ ಆರ್ಮಿನಲ್ಲಿ ಆ ಗ್ರೀಸ್ ನಿಲ್ಲುವುದಿಲ್ಲ. ಅಂಗಡಿಯಲ್ಲಿ ಸಿಗುವ ಸಾಧಾರಣ ಚಾಸಿಸ್ ಗ್ರೀಸ್ ಇನ್ನೂ ಬೇಗ ತೊಳೆದುಹೋಗುತ್ತದೆ.

ಎರಡನೆಯ ಬಾರಿ ಪೂರ್ತಿ ಬಿಚ್ಚಿದೆ. ಮುಂದಿನ ಬುಷ್‌ನ ಸ್ಲೀವಿನ ಮೇಲೆ ಕೆಂಪು ಮಣ್ಣು ಗ್ರೀಸಿನೊಂದಿಗೆ ಬೆರೆತು ಮರಳು ಕಾಗದದಂತೆ ಆಗಿತ್ತು. ಸ್ಲೀವ್ ಅಲ್ಲಲ್ಲಿ ತುಕ್ಕು ಹಿಡಿದಿತ್ತು, ಆದರೆ ಬುಷ್ ತನ್ನ ಆಕಾರ ಉಳಿಸಿಕೊಂಡಿತ್ತು. ಒರೆಸಿ ಮತ್ತೆ ಬಳಸಬಹುದಿತ್ತು. ಹಿಂದಿನದರ ಕಥೆ ನಾನು ಹೆದರಿದಂತೆಯೇ ಆಗಿತ್ತು. ತೂತು ದುಂಡಗಿರಲಿಲ್ಲ, ಎರಡೂ ಬಾಯಿಗಳಲ್ಲಿ ಅಗಲವಾಗಿ ನಡುವೆ ಕಿರಿದಾಗಿ ಉಡುಕೆಯ ಆಕಾರಕ್ಕೆ ಬಂದಿತ್ತು. ಎಡಗಡೆಯ ಬುಷ್‌ನ ಅಂಚಿನಿಂದ ಉಗುರಿನಷ್ಟು ಒಂದು ತುಣುಕು ಎದ್ದು ಹೋಗಿತ್ತು. ವಾಲಲು ಬಾರದ್ದನ್ನು ಒಂಬತ್ತು ತಿಂಗಳು ವಾಲಿಸಿದ್ದರ ಫಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪಾಲಿಯುರೆಥೇನ್‌ನಲ್ಲೂ ಜಾತಿಗಳಿವೆ. ಪಾಲಿಯೆಸ್ಟರ್ ಮೂಲದ್ದು ನೀರು ಮತ್ತು ಬಿಸಿಯ ಕೈಯಲ್ಲಿ ನಿಧಾನವಾಗಿ ಕುಸಿಯುತ್ತದೆ. ಪಾಲಿಯೀಥರ್ ಮೂಲದ್ದು ನೀರಿಗೆ ಚೆನ್ನಾಗಿ ತಾಳುತ್ತದೆ. ವರ್ಷದ ನಾಲ್ಕು ತಿಂಗಳು ನೆನೆಯುವ ಊರಿನವರು ಕೇಳಬೇಕಾದ ಮೊದಲ ಪ್ರಶ್ನೆ ಇದು. ಆ ಪೆಟ್ಟಿಗೆಯ ಮೇಲೆ ಬಣ್ಣ, ಗಡಸುತನ, ರೇಸ್ ಕಾರಿನ ಚಿತ್ರ ಎಲ್ಲವೂ ಇತ್ತು, ಇದೊಂದು ಬಿಟ್ಟು.

ಮೂರನೆಯ ಜೊತೆ

ಆರ್ಮಿನ ನಾಲ್ಕು ಬುಷ್‌ಗಳನ್ನೂ ಕಾರು ಕಂಪನಿಯ ರಬ್ಬರಿಗೆ ಮರಳಿಸಿದೆ. ಮುಂದಿನದಕ್ಕೆ ಪಿಯು ಉಳಿಸಿಕೊಳ್ಳಬಹುದಿತ್ತು ಎಂದು ಈಗಲೂ ಅನ್ನಿಸುತ್ತದೆ. ಅಲ್ಲಿ ಚಲನೆ ಬರೀ ತಿರುಗುವುದು. ಆದರೆ ಪ್ರತಿ ಮಳೆಗಾಲ ಆರ್ಮ್ ಬಿಚ್ಚಿ ಗ್ರೀಸ್ ಹಚ್ಚಿಸಿಕೊಳ್ಳಲು ಟೀಚರಿಗೆ ಪುರುಸೊತ್ತಿಲ್ಲ, ಹಚ್ಚಲು ನನಗೂ ಉಮೇದಿಲ್ಲ. ಸ್ಟೆಬಿಲೈಸರ್ ಬಾರಿನ ಎರಡು ನೇರಳೆ ಬುಷ್‌ಗಳು ಮಾತ್ರ ಅಲ್ಲೇ ಉಳಿದವು. ಎರಡು ಬೋಲ್ಟ್ ತೆಗೆದರೆ ಹೊರಬರುತ್ತವೆ, ಹತ್ತು ನಿಮಿಷದಲ್ಲಿ ಗ್ರೀಸ್ ಹಚ್ಚಿ ಕೂಡಿಸಬಹುದು. ತಿರುವಿನಲ್ಲಿ ಕಾರು ವಾಲುವುದು ಅವುಗಳಿಂದ ಸ್ವಲ್ಪ ಕಡಿಮೆ, ಕೈಗೆ ಕಂಪನವೂ ಅಷ್ಟಾಗಿ ಬರುವುದಿಲ್ಲ.

ಈ ಸಲ ಕೆಲಸ ಮಾಡಿದ ರೀತಿ ಬೇರೆ. ಕಾರು ಎತ್ತುವ ಮೊದಲೇ ಶೆಡ್ಡಿನ ಹುಡುಗನ ಕೈಗೆ ಟೇಪು ಕೊಟ್ಟು, ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಸಿ, ಆ ಸಂಖ್ಯೆಯನ್ನು ಗಾಜಿನ ಮೇಲೆ ಮಾರ್ಕರಿನಲ್ಲಿ ಬರೆಸಿದೆ. ಹಿಂದಿನ ಬುಷ್‌ಗಳನ್ನು ಪ್ರೆಸ್ಸಿನಲ್ಲಿ ಕೂರಿಸುವಾಗ ಕಿಂಡಿಗಳ ದಿಕ್ಕನ್ನು ಆರ್ಮಿನ ಗುರುತಿಗೆ ಹೊಂದಿಸಿದೆವು. ಅದು ಅಡ್ಡಾದಿಡ್ಡಿಯಾದರೆ ಹೊಸ ಬುಷ್ ಇದ್ದೂ ಇಲ್ಲದಂತೆ. ಸರ್ವಿಸ್ ಗುಂಡಿಯಲ್ಲಿ ಈ ಬಾರಿಯೂ ನೀರಿತ್ತು, ಜೂನ್ ಅಲ್ಲವೇ. ಆದ್ದರಿಂದ ಲಿಫ್ಟಿನಲ್ಲೇ ಬಾಲ್ ಜಾಯಿಂಟಿನ ಅಡಿಗೆ ಜಾಕ್ ಕೊಟ್ಟು, ಗಾಜಿನ ಮೇಲಿನ ಸಂಖ್ಯೆ ಬರುವವರೆಗೆ ಆರ್ಮನ್ನು ಎತ್ತಿ, ಆಮೇಲೆ ಟಾರ್ಕ್ ವ್ರೆಂಚಿನಿಂದ ಬಿಗಿದೆವು. ಹೆಚ್ಚು ಹಿಡಿದದ್ದು ಇಪ್ಪತ್ತು ನಿಮಿಷ. ಕೊನೆಗೆ ಮುಂದಿನ ಬುಷ್‌ನ ಒಳ ಸ್ಲೀವಿನಿಂದ ಹೊರ ಸ್ಲೀವಿನವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದೆ; ಕಾರು ನಿಂತಿರುವಾಗ ಬುಷ್ ತಿರುಚಿಕೊಂಡಿದ್ದರೆ ಆ ಗೆರೆ ಓರೆಯಾಗಿ ಹೇಳಿಬಿಡುತ್ತದೆ. ಅಲೈನ್‌ಮೆಂಟ್ ಮಾಡಿಸಿದೆ. ಕೂಲಿ ತೆಗೆದುಕೊಳ್ಳಲಿಲ್ಲ, ಬಿಡಿಭಾಗದ ಹಣ ಮಾತ್ರ. ಟೀಚರ್ ಮುಂದಿನ ವಾರ ಒಂದು ಬಾಟಲಿ ಕಾಚಂಪುಳಿ, ನಮ್ಮ ಕೊಡಗಿನ ಅಡುಗೆಯ ಕಪ್ಪು ಹುಳಿ, ತಂದುಕೊಟ್ಟರು. ವಾಟರ್ ಸರ್ವಿಸಿನವರಿಗೆ ಆಯಿಲ್ ಹೊಡೆಯಬೇಡಿ ಎಂದು ಹೇಳಲು ನೆನಪಿಸಿದಾಗ, ಕೆಂಪು ಪೆನ್ನಿನಲ್ಲಿ ಬರೆದುಕೊಂಡರು.

ತಮ್ಮನಿಗೆ ಬೇಸರವಾಗಿರಬಹುದು ಎಂದುಕೊಂಡಿದ್ದೆ. ಅವನು ಮುಂದಿನ ಬುಷ್‌ಗಳನ್ನು ತೊಳೆದು ಕೊಡಿ ಎಂದು ಕೇಳಿ ತೆಗೆದುಕೊಂಡು ಹೋದ. ಅವನ ಕಾರೂ ಅದೇ ಮಾದರಿಯದು. ಅಲ್ಲಿ ಅವಕ್ಕೆ ಸರಿಯಾದ ಜಾಗ. ಪ್ರತಿ ಸ್ಪರ್ಧೆಗೆ ಮುಂಚೆ ಅವನು ಹೇಗೂ ಆರ್ಮ್ ಬಿಚ್ಚುತ್ತಾನೆ.

ಡಿಸೆಂಬರಿನಲ್ಲಿ, ಕೊಯ್ಲಿನ ನಡುವೆ, ಕಾರು ಬ್ರೇಕ್ ಪ್ಯಾಡ್ ಬದಲಿಸಲು ಬಂತು. ಗುಂಡಿ ಒಣಗಿತ್ತು. ನಾಲ್ಕು ಚಕ್ರವೂ ನೆಲದ ಮೇಲಿರುವಾಗಲೇ ಹುಡುಗ ಟಾರ್ಚ್ ಹಿಡಿದು ಕೆಳಗಿಳಿದ. ನಾನು ಹೇಳುವ ಮೊದಲೇ. ಕೆಸರು ಒರೆಸಿ, "ಗೆರೆ ನೇರ ಇದೆ ಅಣ್ಣ, ಎರಡೂ ಕಡೆ" ಎಂದ. ಸ್ಟೆಬಿಲೈಸರ್ ಬುಷ್ ಒಣಗಿತ್ತು, ಗ್ರೀಸ್ ಹಚ್ಚಿ ಕಳುಹಿಸಿದೆವು.